ಈ ಕೇಸುಗಳೆಲ್ಲ ಒಬ್ಬನದೇ ಕೈವಾಡವೇ? ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬಗೆ

ನಾನು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ದೂರು ಬರೆದುಕೊಳ್ಳುವುದು, ಘಟನೆ ನಡೆದ ಜಾಗದಲ್ಲಿ ಕಂಡದ್ದನ್ನು ದಾಖಲಿಸುವ ಮಹಜರು ಬರೆಯುವುದು, ಕಡತ ಕಟ್ಟುವುದು ನನ್ನ ಕೆಲಸ. ಇಲಾಖೆಗೆ ಹೊಸದಾಗಿ ಸೇರಿದವರು, ಕ್ರೈಂ ಸುದ್ದಿ ಬರೆಯುವ ಹುಡುಗರು ನನ್ನನ್ನು ಕೇಳುವುದು ಒಂದೇ: 'ಬೇರೆ ಬೇರೆ ಊರಿನ ಕೇಸು ಒಬ್ಬನದೇ ಅಂತ ಹೇಗೆ ಗೊತ್ತಾಗುತ್ತೆ ಸಾರ್?' ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಹಜರು. 'ಬಾಗಿಲ ಬೀಗ ಮುರಿದು ಒಳನುಗ್ಗಿ, ಸಾಮಾನು ಚೆಲ್ಲಾಪಿಲ್ಲಿ ಮಾಡಿ, ಬೀರುವಿನಲ್ಲಿದ್ದ ಒಡವೆ ಕಳವು ಮಾಡಿರುತ್ತಾರೆ' ಅಂತ ಬರೆದರೆ ಅದು ರಾಜ್ಯದ ಯಾವ ಮನೆಗಳ್ಳತನಕ್ಕೂ ಹೊಂದುತ್ತದೆ. ಬೀಗ ಯಾವುದರಿಂದ ಮೀಟಿದ, ಯಾವ ಕಡೆಯಿಂದ ಮೀಟಿದ, ಬೀರುವಿನ ಖಾನೆಗಳನ್ನು ಕೆಳಗಿನಿಂದ ಎಳೆದನೋ ಮೇಲಿನಿಂದಲೋ, ಯಾವುದನ್ನು ಕಣ್ಣೆದುರಿಗಿದ್ದರೂ ಮುಟ್ಟಲಿಲ್ಲ, ಇವೆಲ್ಲ ಬೇಕು. ನಮ್ಮ ಕಡೆ ಒಬ್ಬ ಕಳ್ಳ ಬೀಗ ಹಾಕಿದ ಮನೆಗೆ ನುಗ್ಗಿ, ಫ್ರಿಜ್ಜಿನಲ್ಲಿದ್ದ ಅನ್ನಕ್ಕೆ ಮೊಸರು ಕಲಸಿ ಉಂಡು, ತಟ್ಟೆ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿ ಹೋಗುತ್ತಿದ್ದ. ಆ ತಟ್ಟೆಯ ಸಂಗತಿ ಮಹಜರಿನಲ್ಲಿ ಸೇರಿದ ಮನೆಗಳನ್ನು ಜೋಡಿಸಲು ಕಷ್ಟವಾಗಲಿಲ್ಲ.

ಎರಡನೆಯದು, ಬರೆದ ಪ್ರತಿ ಅಂಶಕ್ಕೂ ಒಂದು ಪ್ರಶ್ನೆ ಹಾಕಿ: ಇದಿಲ್ಲದೆಯೂ ಅವನ ಕೆಲಸ ಆಗುತ್ತಿತ್ತೇ? ಬೀಗ ಮುರಿಯದೆ ಒಳಗೆ ಹೋಗಲಾಗದು, ಅದು ಕಸುಬಿನ ಭಾಗ. ನಾಳೆ ಒಳ್ಳೆಯ ಸಲಕರಣೆ ಸಿಕ್ಕರೆ ಅದನ್ನು ಬದಲಾಯಿಸುತ್ತಾನೆ, ಜೈಲಿನಲ್ಲಿ ಇನ್ನೊಬ್ಬನಿಂದ ಕಲಿತೂ ಬರುತ್ತಾನೆ. ತಟ್ಟೆ ತೊಳೆಯುವುದು ಕಳ್ಳತನಕ್ಕೆ ಬೇಕಿಲ್ಲ, ಅದು ಅವನ ಸ್ವಭಾವ. ಕಸುಬು ಬದಲಾದರೂ ಸ್ವಭಾವ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ವಿಧಾನ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಕೇಸನ್ನು ಪಟ್ಟಿಯಿಂದ ತೆಗೆಯಬೇಡಿ.

ಪಟ್ಟಿ ಮಾಡುವುದಕ್ಕೆ ಹಳೆಯ ಕ್ರಮವೊಂದಿದೆ. ಇಂಗ್ಲೆಂಡಿನ ವೆಸ್ಟ್ ರೈಡಿಂಗ್ ಪೊಲೀಸ್ ಮುಖ್ಯಸ್ಥರಾಗಿದ್ದ ಆಚರ್ಲಿ ನೂರು ವರ್ಷಕ್ಕೂ ಹಿಂದೆ ಹತ್ತು ತಲೆಬರಹ ಕೊಟ್ಟರು: ಯಾವ ಬಗೆಯ ಸ್ವತ್ತು, ಎಲ್ಲಿಂದ ಒಳಬಂದ, ಯಾವ ಸಲಕರಣೆ, ಏನು ಉದ್ದೇಶ, ಯಾವ ಹೊತ್ತು, ಯಾವ ವೇಷ, ಏನು ಕತೆ ಹೇಳಿಕೊಂಡ, ಜೊತೆಗಾರರು ಯಾರು, ಯಾವ ವಾಹನ, ವಿಚಿತ್ರವಾದದ್ದೇನು. ಅಪರಾಧಿಗಳ ಕಸುಬಿನ ಬಗೆಯನ್ನು ಬರೆದಿಡುವ ನಮ್ಮ ಎಂ.ಓ.ಬಿ. (ಮೋಡಸ್ ಆಪರಾಂಡಿ ಬ್ಯೂರೋ) ಕಾರ್ಡುಗಳ ಹಿಂದಿರುವುದೂ ಇದೇ ಯೋಚನೆ. ನನ್ನ ಮಟ್ಟಿಗೆ ಇದರಲ್ಲಿ ಬೆಲೆಬಾಳುವುದು ಎರಡು: ಹೇಳಿಕೊಂಡ ಕತೆ ಮತ್ತು ವಿಚಿತ್ರವಾದದ್ದು. ಮಿಕ್ಕದ್ದು ಎಷ್ಟೋ ಜನರಿಗೆ ಹೊಂದುತ್ತದೆ.

ಇನ್ನು ನಾನು ಯಾವಾಗಲೂ ಒತ್ತಿ ಹೇಳುವುದು, ಇರಬೇಕಾದದ್ದು ಇಲ್ಲದಿದ್ದರೆ ಅದನ್ನೂ ಬರೆಯಿರಿ. ಸಯನೈಡ್ ಮೋಹನ್ ಪ್ರಕರಣವನ್ನೇ ತೆಗೆದುಕೊಳ್ಳಿ. ದಕ್ಷಿಣ ಕನ್ನಡದಲ್ಲಿ ಮೇಷ್ಟ್ರಾಗಿದ್ದ ಮೋಹನ್ ಕುಮಾರ್ ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ದೂರದ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆಗಳನ್ನು ರೂಮಿನಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದ ಮಾತ್ರೆ ಎಂದು ನಂಬಿಸಿ ಸಯನೈಡ್ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗು ಅನ್ನುತ್ತಿದ್ದ. ಆ ಹೆಣ್ಣುಮಕ್ಕಳು ಒಳಗಿನಿಂದ ಚಿಲಕ ಹಾಕಿಕೊಂಡೇ ಸತ್ತರು. ಚಿಲಕ ಒಳಗಿನಿಂದ ಹಾಕಿದ್ದರಿಂದ ಆತ್ಮಹತ್ಯೆಯಂತೆ ಕಂಡು, ಅಸ್ವಾಭಾವಿಕ ಸಾವು ಅಂತ ಯು.ಡಿ.ಆರ್. ಆಗಿ ಕಡತಗಳು ಮಲಗಿದವು. 2009ರವರೆಗೆ ಹೀಗೆ ಇಪ್ಪತ್ತು ಜೀವ.

ಒಂದೊಂದು ಕಡತವನ್ನು ಬಿಡಿಯಾಗಿ ನೋಡಿದರೆ ಆತ್ಮಹತ್ಯೆ. ಜೊತೆಗಿಟ್ಟು ನೋಡಿ: ಮದುವೆಯ ವಯಸ್ಸಿನ ಹೆಣ್ಣುಮಗಳು, ಮದುವೆಗೆ ಹೊರಟಂಥ ಸೀರೆ, ಬಸ್ ನಿಲ್ದಾಣದ ಶೌಚಾಲಯ, ಮೈಮೇಲೆ ಒಡವೆ ಇಲ್ಲ. ಅಷ್ಟು ಅಲಂಕಾರ ಮಾಡಿಕೊಂಡವಳ ಕೊರಳು, ಕಿವಿ ಬರಿದು ಯಾಕೆ ಅನ್ನುವ ಒಂದು ಸಾಲು ಸಾಕಿತ್ತು. ಆದರೆ ಸಾವು ಒಂದೂರಿನಲ್ಲಿ, ಕಾಣೆಯಾದ ದೂರು ಇನ್ನೊಂದೂರಿನಲ್ಲಿ, ಎರಡನ್ನೂ ಒಂದೇ ಮೇಜಿನ ಮೇಲೆ ಇಡುವವರಿರಲಿಲ್ಲ. ಕೊನೆಗೆ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಊರಿನವರೇ ಬೀದಿಗಿಳಿದರು. ಆಮೇಲೆ ಫೋನ್ ಕರೆಗಳ ವಿವರ ತೆಗೆದಾಗ ಒಬ್ಬಳ ನಂಬರಿನ ಬಾಲ ಹಿಡಿದು ಹೋದರೆ ಕಾಣೆಯಾದ ಇನ್ನೊಬ್ಬಳ ನಂಬರು ಸಿಕ್ಕಿತು. 2009ರ ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದ. ಆ ಊರಿನವರು ಸುಮ್ಮನಿದ್ದಿದ್ದರೆ ಇಪ್ಪತ್ತೊಂದನೆಯವಳೂ ಹೋಗುತ್ತಿದ್ದಳು ಅಂತಲೇ ನನ್ನ ನಂಬಿಕೆ.

ಹೋಲಿಕೆ ಕಂಡ ತಕ್ಷಣ ಹಿಗ್ಗಬೇಡಿ. ಕಡತಗಳ ನಡುವೆ ಹೊಂದದೇ ಇರುವುದನ್ನು ಬೇರೆ ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಕಾರಣ ಹುಡುಕಿ. ಊರಿಗೆಲ್ಲ ಸಾಮಾನ್ಯವಾದ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿ ಹೊತ್ತು, ಹಿಂಬಾಗಿಲು, ಬೈಕು, ಇವು ಎಲ್ಲ ಕಡೆ ಇರುತ್ತವೆ. ಸುದ್ದಿಯಲ್ಲಿ ಓದಿ ಅನುಕರಿಸುವವರೂ ಇದ್ದಾರೆ, ಹಾಗಾಗಿ ಪತ್ರಿಕೆಗೆ ಸಿಗದ ವಿವರ ಹೊಂದಿದರೆ ಮಾತ್ರ ಅದಕ್ಕೆ ತೂಕ.

ಹೋಲಿಕೆ ತನಿಖೆಗೆ ದಾರಿ ತೋರಿಸುತ್ತದೆ, ನ್ಯಾಯಾಲಯದಲ್ಲಿ ಅಪರಾಧ ರುಜುವಾತಾಗಬೇಕಾದರೆ ಬೇರೆಯೇ ಪುರಾವೆ ಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದಾಗ ಎಲ್ಲರಿಗೂ ಹೋಲಿಕೆ ಕಂಡಿತು. ಗುಂಡು ಮತ್ತು ಖಾಲಿ ತೋಟಾಗಳ ಮೇಲಿನ ಗುರುತು ಹೋಲಿಸಿ ಎರಡೂ ಕಡೆ ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿದ ಮೇಲೆ ಆ ಅನುಮಾನಕ್ಕೆ ಆಧಾರ ಬಂತು. ಮೋಹನನ ಇಪ್ಪತ್ತು ಕೇಸುಗಳೂ ಬೇರೆ ಬೇರೆಯಾಗಿಯೇ ವಿಚಾರಣೆಯಾದವು, ಕೊನೆಯದರ ತೀರ್ಪು ಬಂದದ್ದು 2020ರಲ್ಲಿ. 2017ರಲ್ಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅವನನ್ನು ಖುಲಾಸೆ ಕೂಡ ಮಾಡಿತು. ಅಂದಮೇಲೆ ಲಾಡ್ಜಿನ ರಿಜಿಸ್ಟರಿನ ಕೈಬರಹ, ಒಡವೆ ಅಡವಿಟ್ಟ ರಸೀದಿ, ದೇಹದ ಒಳಾಂಗಗಳಲ್ಲಿ ವಿಷ ಇದೆಯೇ ಎಂದು ಹೇಳುವ ವಿಸೆರಾ ವರದಿ, ಗುರುತಿಸುವ ಸಾಕ್ಷಿ, ಇವನ್ನು ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಹುಡುಕಬೇಕು.

ಮನೆಯವರಿಗೂ ಒಂದು ಮಾತು. ಮಗಳು ಕಾಣೆಯಾದಾಗ ಮರ್ಯಾದೆಗೆ ಅಂಜಿ ತಡಮಾಡಬೇಡಿ. ದೂರಿನಲ್ಲಿ ಸೀರೆಯ ಬಣ್ಣ, ಸರದ ಎಳೆ, ಓಲೆಯ ಹರಳು, ಅವಳಿಗೆ ಬರುತ್ತಿದ್ದ ಫೋನ್ ನಂಬರು, ಯಾರೋ ನೋಡಲು ಬರುತ್ತೇನೆಂದು ಹೇಳಿದ್ದರೆ ಆ ಹೆಸರು, ಜಾತಿ, ಊರು ಎಲ್ಲ ಬರೆಸಿ. ಹೆಸರು ಸುಳ್ಳಿರಬಹುದು, ಆದರೂ ಬರೆಸಿ. ರೈಟರ್ 'ಇಷ್ಟು ಸಾಕಮ್ಮ' ಅಂದರೆ, ಒಂದು ಹಾಳೆಯಲ್ಲಿ ನೀವೇ ಬರೆದು ದೂರಿನ ಜೊತೆ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ.