ರುಚಿ ನೋಡದೆ ಮಾಡುವ ಅಷ್ಟಮಿ ಅಡುಗೆ

ಕೃಷ್ಣಾಷ್ಟಮಿಯ ಅಡುಗೆಯಲ್ಲಿ ಒಂದು ತಾಪತ್ರಯ ಇದೆ. ಇಡೀ ದಿನ ಉಪವಾಸ. ರಾತ್ರಿ ಚಂದ್ರೋದಯಕ್ಕೆ ಅರ್ಘ್ಯ ಕೊಟ್ಟ ಮೇಲೆಯೇ ನಮ್ಮಲ್ಲಿ ಊಟ. ನೈವೇದ್ಯ ಆಗುವ ತನಕ ಒಂದು ಹನಿ ಗಸಿಯೂ (ತೆಂಗಿನಕಾಯಿ ಅರೆದು ಹಾಕಿದ ಮಂದ ಸಾರು) ನಾಲಿಗೆಗೆ ತಾಗುವಂತಿಲ್ಲ. ಅಂದರೆ ಉಪ್ಪು, ಹುಳಿ, ಖಾರ ಎಲ್ಲ ಅಂದಾಜಿನಲ್ಲೇ ಆಗಬೇಕು. ಉಡುಪಿಯ ನಮ್ಮ ಮನೆಯಲ್ಲಿ ಅಜ್ಜಿ ಹಬೆಯ ಪರಿಮಳದಲ್ಲೇ ಉಪ್ಪು ಸಾಕಾ ಬೇಕಾ ಅಂತ ಹೇಳುತ್ತಿದ್ದರು. ನಾವು ಮಕ್ಕಳಿಗೆ ಉಪವಾಸ ಅಂದರೆ ಅವಲಕ್ಕಿ, ಬಾಳೆಹಣ್ಣು ಜಾಸ್ತಿ ತಿನ್ನುವ ದಿನ. ಆದರೂ ಕಣ್ಣೆಲ್ಲ ಒಲೆಯ ಮೇಲಿನ ಮೂಡೆಯ ಮೇಲೆ. ಮೂಡೆ ಅಂದರೆ ಎಲೆಯ ಸುರುಳಿಯಲ್ಲಿ ಹಬೆಗೆ ಬೇಯಿಸುವ ಇಡ್ಲಿಯಂಥ ಕಡುಬು. ಕೇಳಿದರೆ "ದೇವರಿಗೆ ಆಗದೆ ಇಲ್ಲ ಮಗಾ" ಅಂತ ಅಜ್ಜಿಯದ್ದು ಒಂದೇ ಮಾತು.

ಅಜ್ಜಿಯ ನಂತರ ಅಮ್ಮ ಮಾಡಿದರು. ಈಗ ಆ ಅಡುಗೆ ನನ್ನ ಪಾಲಿಗೆ ಬಂದಿದೆ. ಅಜ್ಜಿಯ ಮೂಗು ನನಗೆ ಬಂದಿಲ್ಲ. ಹಾಗಾಗಿ ನನ್ನದು ಚಮಚದ ಲೆಕ್ಕ. ಹಬ್ಬಕ್ಕೆ ಕೆಲವು ದಿನ ಮೊದಲು ಅದೇ ಪಾತ್ರೆ, ಅದೇ ಅಳತೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ ತಿಂದು ನೋಡುತ್ತೇನೆ. ಸರಿ ಬಂದದ್ದನ್ನು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸುತ್ತೇನೆ. ಅಷ್ಟಮಿಯ ದಿನ ಆ ಚೀಟಿಯೇ ನನ್ನ ನಾಲಿಗೆ.

ಮೂಡೆಯ ಹಿಟ್ಟಿಗೆ 1 ಲೋಟ ಉದ್ದಿನ ಬೇಳೆ, 2 ಲೋಟ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ, 2 ಸಣ್ಣ ಚಮಚ ಉಪ್ಪು. ಉದ್ದು ನುಣ್ಣಗೆ, ಬೆಣ್ಣೆಯ ಹಾಗೆ ಉಬ್ಬಬೇಕು. ಅಕ್ಕಿ ಮಾತ್ರ ತರಿತರಿ ಇರಲಿ. ನುಣ್ಣಗಾದರೆ ಮೂಡೆ ಅಂಟಂಟು ಆಗುತ್ತದೆ. ನೀರು ಕಡಿಮೆ, ಹಿಟ್ಟು ದಪ್ಪ. ಮಳೆಗಾಲದ ಚಳಿಗೆ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಕಡೆದು ಒಲೆಯ ಪಕ್ಕ ಮುಚ್ಚಿಡುತ್ತೇನೆ.

ಎಲೆಯದ್ದು ದೊಡ್ಡ ಕೆಲಸ. ಮೂಡೆಯ ಎಲೆ ಅಂದರೆ ಕೇದಗೆ ಜಾತಿಯದ್ದು, ಅಂಚಿನಲ್ಲಿ ಮುಳ್ಳು. ಮುಳ್ಳು ಸವರಿ, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಬೇಕು. ಅಜ್ಜಿ ಸುತ್ತುತ್ತಿದ್ದರು. ನಾನು ಸುತ್ತುವುದಿಲ್ಲ, ನಾಚಿಕೆ ಇಲ್ಲದೆ ಹೇಳುತ್ತೇನೆ. ಹಬ್ಬ ಹತ್ತಿರ ಬಂದಾಗ ಕೃಷ್ಣಮಠದ ರಥಬೀದಿಯ ಸುತ್ತಮುತ್ತ ಹಳ್ಳಿಯವರು ಸುತ್ತಿದ ಎಲೆ ತಂದು ಮಾರುತ್ತಾರೆ. ಅವರ ಕೈಚಳಕಕ್ಕೆ ಕೊಡುವ ದುಡ್ಡು ಏನೂ ಜಾಸ್ತಿ ಅಲ್ಲ. ಹಲಸಿನ ಎಲೆಯ ಗುಂಡ, ಅಂದರೆ ಅದೇ ಹಿಟ್ಟು ಹೊಯ್ಯುವ ಎಲೆಯ ಬಟ್ಟಲು, ಮಾತ್ರ ಮನೆಯಲ್ಲೇ ಕಟ್ಟುತ್ತೇನೆ. ತೀರಾ ಎಳತೂ ಅಲ್ಲದ, ಬಲಿತದ್ದೂ ಅಲ್ಲದ ಎಲೆ ಆರಿಸಿ ಹಿಂದಿನ ಸಂಜೆ ಕೊಯ್ದಿಡುತ್ತೇನೆ. ಸ್ವಲ್ಪ ಬಾಡಿದರೆ ಹರಿಯುವುದಿಲ್ಲ. ನಾಲ್ಕು ಎಲೆ ಕೂಡಿಸಿ ತೆಂಗಿನ ಗರಿಯ ಕಡ್ಡಿ ಚುಚ್ಚುವುದು, ಬದಿ ಎತ್ತಿ ಮತ್ತೆ ಚುಚ್ಚುವುದು, ಅಷ್ಟೆ. ಹಿಟ್ಟು ಮುಕ್ಕಾಲು ಭಾಗ ಮಾತ್ರ ಹಾಕಬೇಕು. ಇಡ್ಲಿ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ 45 ನಿಮಿಷ ಬೇಯಿಸುತ್ತೇನೆ. ಅದೇ ಹಿಟ್ಟನ್ನು ಸ್ಟೀಲ್ ಲೋಟದಲ್ಲಿ ಬೇಯಿಸಿ ಮೂಡೆ ಅಂತ ಬಡಿಸುವವರಿದ್ದಾರೆ. ಅದು ಉದ್ದದ ಇಡ್ಲಿ, ನನ್ನ ಲೆಕ್ಕದಲ್ಲಿ.

ಮೂಡೆಗೆ ಜೊತೆ ಕಡ್ಲೆ ಮನೋಳಿ. ಮನೋಳಿ ಅಂದರೆ ತೊಂಡೆಕಾಯಿ, ಉದ್ದುದ್ದ ಸೀಳಿದ್ದು. ಕಪ್ಪು ಕಡ್ಲೆ ರಾತ್ರಿ ನೆನೆಹಾಕಿ, ಬೇಯಿಸುವಾಗಲೇ ಉಪ್ಪು ಹಾಕಬೇಕು. ಆಮೇಲೆ ಹಾಕಿದ ಉಪ್ಪು ಕಾಳಿನ ಒಳಗೆ ಹೋಗುವುದಿಲ್ಲ. ಬೆಂದದ್ದನ್ನು ನೋಡಲು ತಿನ್ನಬೇಕೆಂದಿಲ್ಲ, ಬೆರಳಲ್ಲಿ ಹಿಸುಕಿದರೆ ಸಾಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದು, ತೆಂಗಿನತುರಿ ಜೊತೆ ತರಿಯಾಗಿ ರುಬ್ಬಿ ಹಾಕುವುದು. ಸ್ವಲ್ಪ ಹುಣಸೆ, ಚೂರು ಬೆಲ್ಲ. ತೆಂಗಿನೆಣ್ಣೆಯ ಒಗ್ಗರಣೆ. ಈರುಳ್ಳಿ, ಬೆಳ್ಳುಳ್ಳಿ ಆ ದಿನ ಇಲ್ಲ. ಇನ್ನೊಂದು ಬಸಳೆ ಗಸಿ, ಜೊತೆಗೆ ಅಂಬಟೆ ಸಿಕ್ಕಿದರೆ ಅದರದ್ದೊಂದು ಗೊಜ್ಜು. ಕೊನೆಗೆ ಹೆಸರುಬೇಳೆ ಪಾಯಸ. ದಪ್ಪ ಕಾಯಿಹಾಲು ಹಾಕಿದ ಮೇಲೆ ಕುದಿಸಬಾರದು, ಒಡೆಯುತ್ತದೆ.

ಅರ್ಘ್ಯದ ಹೊತ್ತನ್ನು ಪಂಚಾಂಗ ನೋಡಿ ತಿಳಿಯಬೇಕು. ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ಮೂಡುವುದೇ ಮಧ್ಯರಾತ್ರಿ ಸುಮಾರಿಗೆ. ಮೋಡ ಮುಚ್ಚಿದ್ದರೆ ಚಂದ್ರನನ್ನು ಕಾಯುತ್ತಾ ಕೂತು ಪ್ರಯೋಜನ ಇಲ್ಲ. ಸಮಯ ನೋಡಿ ತುಳಸಿಕಟ್ಟೆಯ ಎದುರು ಬಿಲ್ವಪತ್ರೆ ಇಟ್ಟು ಹಾಲು ಎರೆಯುತ್ತೇವೆ. ಹಬ್ಬದ ದಿನವನ್ನೂ ಸರಿಯಾಗಿ ಕೇಳಿಕೊಳ್ಳಬೇಕು. ಉಡುಪಿ ಕೃಷ್ಣಮಠದವರು ಸೌರಮಾನದ ಸಿಂಹ ಮಾಸವನ್ನು (ಸೂರ್ಯ ಸಿಂಹ ರಾಶಿಯಲ್ಲಿರುವ ತಿಂಗಳು) ಹಿಡಿಯುವುದರಿಂದ ಕೆಲವು ವರ್ಷ ಬೇರೆ ಊರಿನವರೆಲ್ಲ ಮುಗಿಸಿದ ಒಂದು ತಿಂಗಳ ಮೇಲೆ ಇಲ್ಲಿ ಅಷ್ಟಮಿ ಬರುತ್ತದೆ. ಹೊರಗಿನಿಂದ ಬರುವ ನೆಂಟರು ರಜೆ ಹಾಕುವ ಮೊದಲು ಫೋನ್ ಮಾಡುವುದು ಒಳ್ಳೆಯದು.

ಮೂಡೆ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಮಾಡುತ್ತೇನೆ. ಎಲೆಯೊಳಗೇ ಇಟ್ಟರೆ ಮರುದಿನಕ್ಕೂ ಮೆತ್ತಗಿರುತ್ತದೆ. ಮರುದಿನ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆ ಉತ್ಸವ, ರಥಬೀದಿ ತುಂಬ ಜನ, ಹುಲಿವೇಷದ ತಾಸೆ ವಾದ್ಯದ ಸದ್ದು. ಅಡುಗೆಗೆ ಯಾರೂ ನಿಲ್ಲುವುದಿಲ್ಲ. ಬೆಳಿಗ್ಗೆ ಮೂಡೆಯನ್ನು ಬಿಲ್ಲೆ ಬಿಲ್ಲೆ ಕತ್ತರಿಸಿ, ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಮಾಡುತ್ತೇನೆ. ಬೆಲ್ಲ ಹಾಕಿದ ಕಾಯಿಹಾಲು ಜೊತೆಗೆ. ನನ್ನ ಮಗನಿಗೆ ಹಬ್ಬದೂಟಕ್ಕಿಂತ ಇದೇ ಇಷ್ಟ. ಅವನ ಮಾತಿಗೆ ನಾನು ಇದುವರೆಗೆ ವಾದ ಮಾಡಿಲ್ಲ.