ಕಡಿಯಲು ಹೆಣ್ಣು ಕುರಿಯೋ, ಟಗರು ಬಲಿಯಲೆಂದು ಕಾಯುವುದೋ

ಹಬ್ಬಕ್ಕೆ ತಿಂಗಳಿದೆ ಅನ್ನುವಾಗ ಕುರಿ ಕೂಡುವ ರೊಪ್ಪದ ಮುಂದೆ ಶುರುವಾಗುವ ಲೆಕ್ಕ ಇದು. ಮೈದುಂಬಿದ ಹೆಣ್ಣು ಕುರಿಯೊಂದು ಕಣ್ಣೆದುರಿಗೇ ಇದೆ, ಟಗರು ಇನ್ನೂ ಎಳಸು. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಇಪ್ಪತ್ತೋ ಐವತ್ತೋ ಕುರಿ ಕಟ್ಟಿಕೊಂಡವರು ಇಲ್ಲಿ ಎರಡು ಥರ ಎಡವುತ್ತಾರೆ. ಹೆಣ್ಣು ಕಡಿಯಲೇಬಾರದು ಅಂತ ಹಲ್ಲು ಸವೆದ ಮುದಿ ಕುರಿಗೂ ವರ್ಷಗಟ್ಟಲೆ ಮೇವು ಹಾಕುವವರು ಕೆಲವರು. ದಪ್ಪ ಕಂಡಿತು ಅಂತ ಗಬ್ಬದ ಕುರಿಯನ್ನೇ ಹಿಡಿದು ಎಳೆಯುವವರು ಇನ್ನು ಕೆಲವರು. ಬಯಲುಸೀಮೆಯ ಮೇವಿನಲ್ಲಿ ಹೆಣ್ಣು ಕುರಿ ದುಂಡಗೆ ಕಾಣುತ್ತಿದೆ ಎಂದರೆ ಅದು ಒಂದೋ ಗೊಡ್ಡು ಬಿದ್ದಿದೆ, ಇಲ್ಲಾ ಗಬ್ಬವಾಗಿದೆ. ಯಾವುದು ಅಂತ ಮೊದಲು ಗೊತ್ತಾಗಬೇಕು. ಟಗರಿನ ಮಾತು ಆಮೇಲೆ.

ಕಾನೂನನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನು, ಮೂರು ತಿಂಗಳು ತುಂಬದ ಮರಿಯನ್ನು ಕಡಿಯುವಂತಿಲ್ಲ. ಪಶುವೈದ್ಯರು ನೋಡಿ ಪತ್ರ ಕೊಟ್ಟಿರಬೇಕು. ದಾವಣಗೆರೆ, ಚಿತ್ರದುರ್ಗದಂಥ ಪೇಟೆಯೊಳಗಾದರೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ ಆಗಬೇಕು. ಗುಡಿಯ ಆವರಣದಲ್ಲಿ ಬಲಿ ಕೊಡುವುದಕ್ಕೆ 1959ರ ರಾಜ್ಯ ಕಾಯ್ದೆಯ ತಡೆಯಿದೆ.

ಕೈಯಲ್ಲಿ ನೋಡುವ ಬಗೆ

ಬೆಳಿಗ್ಗೆ ಮೇವಿಗೆ ಬಿಡುವ ಮುಂಚೆ, ಹೊಟ್ಟೆ ಖಾಲಿ ಇರುವಾಗ ನೋಡಬೇಕು. ಕುರಿಯನ್ನು ಉಣ್ಣೆ ಹಿಡಿದು ಎಳೆಯಬೇಡಿ, ಚರ್ಮದಡಿ ರಕ್ತ ಕಟ್ಟಿ ಮಾಂಸ ಕಪ್ಪಾಗುತ್ತದೆ. ಗದ್ದದ ಕೆಳಗೆ ಒಂದು ಕೈ, ಹಿಂಭಾಗಕ್ಕೆ ಒಂದು ಕೈ ಕೊಟ್ಟು ಗೋಡೆಗೆ ಒತ್ತರಿಸಿ ನಿಲ್ಲಿಸಿ.

ಮೊದಲು ಬಾಯಿ. ಕೆಳತುಟಿ ಸರಿಸಿದರೆ ಮುಂದಿನ ಎಂಟು ಹಲ್ಲು ಕಾಣುತ್ತವೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ. ಎಂಟೂ ಸಣ್ಣ ಹಾಲುಹಲ್ಲಾದರೆ ವರ್ಷದ ಒಳಗಿನದು, ಹೆಚ್ಚೆಂದರೆ ವರ್ಷದ ಆಸುಪಾಸು. ನಡುವೆ ಎರಡು ಅಗಲದ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ. ನಾಲ್ಕಾದರೆ ಎರಡು ವರ್ಷದ ಹತ್ತಿರ, ಆರಾದರೆ ಎರಡೂವರೆ ಮೂರು. ಮೂರೂವರೆ ನಾಲ್ಕಕ್ಕೆ ಬಾಯಿ ಕೂಡುತ್ತದೆ, ಅಂದರೆ ಎಂಟೂ ಅಗಲದ ಹಲ್ಲಾಗುತ್ತವೆ. ಅಲ್ಲಿಂದಾಚೆಗೆ ಎಣಿಕೆ ಬಿಟ್ಟು ಸವೆತ ನೋಡಿ. ಹಲ್ಲುಗಳ ನಡುವೆ ಸಂದು ಬಿದ್ದಿದೆಯೋ, ಮುರಿದಿದೆಯೋ, ಒಸಡಿನವರೆಗೆ ಸವೆದು ಮೊಂಡಾಗಿದೆಯೋ. ಗಟ್ಟಿ ನೆಲದ ಕುರುಚಲು ಹುಲ್ಲು ಕಚ್ಚಿ ಮೇಯುವ ಕುರಿಗೆ ಆರೇಳು ವರ್ಷಕ್ಕೆ ಈ ಗತಿ ಬರುತ್ತದೆ. ಮುಂದಿನ ಬೇಸಿಗೆಯಲ್ಲಿ ಅದು ತಾನೇ ಬಡಕಲಾಗುವಂಥದ್ದು. ತೂಕ ಇರುವಾಗಲೇ ತೆಗೆಯುವುದು ಲೇಸು.

ಆಮೇಲೆ ಕೆಚ್ಚಲು. ಎರಡೂ ಕಡೆ ಅಂಗೈಯಲ್ಲಿ ಹಿಡಿದು ಅಮುಕಿದರೆ ಹತ್ತಿ ತುಂಬಿದ ಚೀಲದಂತೆ ಮೆತ್ತಗಿರಬೇಕು. ಒಂದು ಬದಿ ಹುಣಸೆಬೀಜದಂಥ ಗಂಟು ಸಿಕ್ಕರೆ ಅಥವಾ ಪೂರ್ತಿ ಕಲ್ಲಾಗಿದ್ದರೆ ಹಳೆಯ ಕೆಚ್ಚಲು ಬಾವು. ಆ ಬದಿಗೆ ಹಾಲು ತಿರುಗಿ ಬರುವುದಿಲ್ಲ, ಹುಟ್ಟುವ ಮರಿ ಸೊರಗುತ್ತದೆ. ಮೂರು ವರ್ಷದ್ದೇ ಆದರೂ ಇಂಥ ಕುರಿ ಕಡಿಯುವ ಪಟ್ಟಿಗೆ ಸೇರಬೇಕು.

ಮೂರನೆಯದು ಸೊಂಟ. ಕೊನೆಯ ಪಕ್ಕೆಲುಬು ದಾಟಿ ಬೆನ್ನಿನ ಮೇಲೆ ಬೆರಳೂರಿ. ಮೂಳೆ ಗರಗಸದಂತೆ ಚುಚ್ಚಿದರೆ ಮಾಂಸವಿಲ್ಲ. ಮೂಳೆ ಇದೆ ಅಂತಷ್ಟೇ ಗೊತ್ತಾಗಿ ಎರಡೂ ಬದಿ ತುಂಬಿದ್ದರೆ ಹದ. ಬಳ್ಳಾರಿ, ದಖನಿ ತಳಿಗಳ ಒರಟು ಉಣ್ಣೆ ಕಣ್ಣಿಗೆ ಮೋಸ ಮಾಡುತ್ತದೆ. ತುಪ್ಪಟ ಕತ್ತರಿಸಿದ ಮಾರನೇ ದಿನ ಅದೇ ಕುರಿ ಅರ್ಧ ಕಾಣುತ್ತದೆ, ಅದಕ್ಕೇ ಬೆರಳನ್ನು ನಂಬಬೇಕು.

ಕೊನೆಗೆ ಹೊಟ್ಟೆ. ಕೆಚ್ಚಲಿನ ಮುಂದೆ ಎರಡೂ ಕೈಯ ಬೆರಳು ಕೂಡಿಸಿ, ಕೆಳಗಿನಿಂದ ಮೆಲ್ಲಗೆ ಎರಡು ಮೂರು ಸಲ ಎತ್ತಿ ಬಿಡಿ. ಮೂರೂವರೆ ನಾಲ್ಕು ತಿಂಗಳ ಗಬ್ಬವಾದರೆ ಗಟ್ಟಿ ಗಡ್ಡೆಯೊಂದು ತೇಲಿ ಬಂದು ಬೆರಳಿಗೆ ತಟ್ಟಿ ಹಿಂದೆ ಸರಿಯುತ್ತದೆ. ಜೋರಾಗಿ ಒತ್ತಿದರೆ ಕಂದು ಹಾಕೀತು, ಅಂದರೆ ಗಬ್ಬ ಇಳಿದೀತು. ಕುರಿಯ ಗಬ್ಬ ಸುಮಾರು 150 ದಿನ. ಮೊದಲ ಮೂರು ತಿಂಗಳು ಈ ಪರೀಕ್ಷೆಗೆ ಏನೂ ಸಿಗುವುದಿಲ್ಲ, ಎಡವಟ್ಟಾಗುವುದೇ ಇಲ್ಲಿ. ಸ್ಕ್ಯಾನಿಂಗ್ ಇರುವ ಪಶು ಆಸ್ಪತ್ರೆಯಲ್ಲಾದರೆ ಒಂದೂವರೆ ತಿಂಗಳಿಗೇ ತಿಳಿಯುತ್ತದೆ.

ಜಾಜಿನ ಗುರುತು

ಯಂತ್ರ ಇಲ್ಲದೆಯೂ ದಾರಿಯಿದೆ. ಒಂದು ಹಿಡಿ ಜಾಜನ್ನು, ಅಂದರೆ ಕೆಂಪು ಕಾವಿಮಣ್ಣನ್ನು, ಹರಳೆಣ್ಣೆಯಲ್ಲಿ ಮುದ್ದೆಯಂತೆ ಕಲಸಿ ಬೀಜದ ಟಗರಿನ ಎದೆಗೆ, ಮುಂಗಾಲುಗಳ ನಡುವೆ ಮೆತ್ತಿ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ಮೆತ್ತಬೇಕು. ಟಗರು ಹಾರಿದ ಕುರಿಯ ಹಿಂಭಾಗ ಕೆಂಪಾಗುತ್ತದೆ, ಆ ದಿನವನ್ನು ಕಿವಿಯೋಲೆ ನಂಬರಿನ ಎದುರು ಬರೆದಿಡಿ. ಬೆದೆ 17 ದಿನಕ್ಕೊಮ್ಮೆ ತಿರುಗುವುದರಿಂದ 17ನೇ ದಿನ ಜಾಜು ಒರೆಸಿ ಇದ್ದಿಲ ಪುಡಿ ಹಚ್ಚಿ. ಕೆಂಪಾದ ಕುರಿಗೆ ಕಪ್ಪು ಬೀಳದಿದ್ದರೆ ಬಹುತೇಕ ಗಬ್ಬ ನಿಂತಿದೆ. ಕಪ್ಪೂ ಬಿದ್ದರೆ ನಿಂತಿರಲಿಲ್ಲ. ಹಿಂಡಿಗೆ ಹಿಂಡೇ ಎರಡೂ ಬಣ್ಣ ಹೊತ್ತು ನಿಂತರೆ ಕುರಿಗಳನ್ನು ಬೈಯಬೇಡಿ, ಕೆಟ್ಟಿರುವುದು ಟಗರು. ಒಂದು ಟಗರಿಗೆ 25–30 ಹೆಣ್ಣಿಗಿಂತ ಹೆಚ್ಚು ಬಿಟ್ಟರೂ ಹೀಗಾಗುತ್ತದೆ. ಗೊಡ್ಡು ಅಂತ ಹೆಣ್ಣನ್ನು ಸಾಲಾಗಿ ಮಾರಿ, ಕೆಟ್ಟ ಟಗರನ್ನು ಉಳಿಸಿಕೊಂಡ ರೊಪ್ಪಗಳು ಬೇಕಾದಷ್ಟಿವೆ. ಬೇರೆ ಟಗರು ಬಿಟ್ಟು ನೋಡಿ, ಎರಡು ಹಂಗಾಮು ಈಯದಿದ್ದರೆ ಮಾತ್ರ ಗೊಡ್ಡು ಅನ್ನಿ. ಹಾಗೆಯೇ ಜಾಜು ಕಲಸಲು ಹರಳೆಣ್ಣೆಯ ಬದಲು ಎಂಜಿನ್ ಆಯಿಲ್ ಹಚ್ಚಲು ಹೋಗಬೇಡಿ, ಚರ್ಮ ಸುಡುತ್ತದೆ, ಕಂಬಳಿ ಉಣ್ಣೆಯೂ ಕೆಡುತ್ತದೆ.

ಯಾವ ತಿಂಗಳಲ್ಲಿ ಯಾವುದು

ಮುಂಗಾರು ಚಿಗುರು ತಿಂದ ಮೇಲೆ ಜೂನ್–ಜುಲೈನಲ್ಲಿ ಹೆಚ್ಚಿನ ಕುರಿಗಳು ಬೆದೆಗೆ ಬಂದು ನವೆಂಬರ್–ಡಿಸೆಂಬರಿಗೆ ಈಯುತ್ತವೆ. ಅಂದರೆ ಪಿತೃಪಕ್ಷ, ಮಹಾನವಮಿ ಹೊತ್ತಿಗೆ ಹೆಣ್ಣು ಕುರಿಗಳು ಎರಡು ಮೂರು ತಿಂಗಳ ಗಬ್ಬ. ಕೈಗೆ ಸಿಗುವುದಿಲ್ಲ, ಹೊರಗೆ ಕಾಣುವುದಿಲ್ಲ, ಮೈ ಮಾತ್ರ ತುಂಬಿರುತ್ತದೆ. ಜಾಜಿನ ಲೆಕ್ಕ ಇಲ್ಲದವರು ಆ ಹಂಗಾಮಿನಲ್ಲಿ ಹೆಣ್ಣಿಗೆ ಕೈ ಹಾಕಲೇಬಾರದು, ಟಗರನ್ನೇ ತೆಗೆಯಿರಿ.

ಹೆಣ್ಣು ತೆಗೆಯಲು ಸರಿಯಾದ ಹೊತ್ತು ಯುಗಾದಿ, ಹೊಸತೊಡಕಿನ ಸುಮಾರಿಗೆ. ಮರಿಗೆ ಮೂರು ತಿಂಗಳು ದಾಟಿ ಹಾಲು ಬಿಟ್ಟಿರುತ್ತದೆ, ಮುಂದಿನ ಬೆದೆ ಇನ್ನೂ ದೂರ. ಮರಿಗೆ ಹಾಲು ಕೊಟ್ಟು ತಾಯಿ ಇಳಿದಿರುತ್ತದೆ ಅನ್ನುವುದೊಂದೇ ತೊಡಕು. ಮೂರು ನಾಲ್ಕು ವಾರ ಶೇಂಗಾ ಬಳ್ಳಿಯ ಜೊತೆ ದಿನಕ್ಕೆ 250 ಗ್ರಾಂ ಮೆಕ್ಕೆಜೋಳದ ನುಚ್ಚು ಕೊಟ್ಟರೆ ಸೊಂಟ ತುಂಬುತ್ತದೆ. 50 ಗ್ರಾಂನಿಂದ ಶುರು ಮಾಡಿ ಹತ್ತು ದಿನದಲ್ಲಿ ಏರಿಸಿ. ಮೊದಲ ದಿನವೇ ಬೋಗುಣಿ ತುಂಬ ಇಟ್ಟರೆ ಹೊಟ್ಟೆ ಹುಳಿಯಾಗಿ ಬೆಳಗಾಗುವುದರಲ್ಲಿ ಮಲಗಿರುತ್ತದೆ. ಹಲ್ಲು ಹೋದ ಕುರಿಗೆ ಇಡೀ ಕಾಳು ಹಾಕಿ ಪ್ರಯೋಜನವಿಲ್ಲ, ನುಚ್ಚೇ ಬೇಕು.

ಬಕ್ರೀದ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಜೂನ್ 7ಕ್ಕೆ ಇತ್ತು. ನವೆಂಬರಿನಲ್ಲಿ ಹುಟ್ಟಿದ ಟಗರು ಅಷ್ಟೊತ್ತಿಗೆ ಏಳು ತಿಂಗಳದ್ದು. ಕೊಳ್ಳುವವರು ಕೇಳುವ ಎರಡು ಹಲ್ಲು ಬಂದಿರುವುದಿಲ್ಲ. ಹಿಂದಿನ ವರ್ಷದ್ದಾದರೆ ಬಂದಿರುತ್ತದೆ. ಕುಂಟು, ಕುರುಡು, ಬುಡಕ್ಕೆ ಮುರಿದ ಕೊಂಬು ಇದ್ದರೆ ಆ ಮಾರುಕಟ್ಟೆಯ ಆಸೆ ಬಿಡಿ, ಕಾಯ್ದೂ ಲಾಭವಿಲ್ಲ.

ಕಾದರೆ ಎಷ್ಟು ಸಿಗುತ್ತದೆ

ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಬುಡದ ಮೂಳೆವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. 75 ಸುತ್ತು, 70 ಉದ್ದ ಇದ್ದರೆ 36 ಕೆ.ಜಿ. ಸಿಗುತ್ತದೆ. ಒಂದೆರಡು ಕೆ.ಜಿ. ಆಚೀಚೆ ಆದೀತು, ಉಣ್ಣೆ ಒತ್ತಿ ಟೇಪು ಬಿಗಿಯದಿದ್ದರೆ ಇನ್ನೂ ಹೆಚ್ಚು.

ಈಗ 26 ಕೆ.ಜಿ. ತೂಗುವ ಟಗರು ಮರಿಯನ್ನು ನಾಲ್ಕು ತಿಂಗಳು ಕಾಯಿಸುತ್ತೀರಿ ಅನ್ನಿ. ಮೇವಿನ ಜೊತೆ ದಿನಕ್ಕೆ 300 ಗ್ರಾಂ ಕಾಳು ಕೊಟ್ಟು, ದಿನಕ್ಕೆ 100 ಗ್ರಾಂ ಏರಿದರೆ 38 ಕೆ.ಜಿ. ಆಗುತ್ತದೆ. ಜೀವತೂಕದಲ್ಲಿ ನೂರಕ್ಕೆ 45 ಮಾಂಸ ಎಂದು ಹಿಡಿದರೆ 11.7 ಕೆ.ಜಿ. ಇದ್ದದ್ದು 17.1 ಆಯಿತು. ಹೆಚ್ಚಿದ್ದು 5.4 ಕೆ.ಜಿ., ತಿಂದದ್ದು 36 ಕೆ.ಜಿ. ಕಾಳು, ಮೇವು ಬೇರೆ. ಇವತ್ತಿನ ಮೆಕ್ಕೆಜೋಳದ ದರ, ಮಟನ್ ದರ ಎರಡನ್ನೂ ಇದಕ್ಕೆ ಹಾಕಿ ನೋಡಿ. ದಾವಣಗೆರೆ ಸುತ್ತ ಮನೆಯದೇ ಮೆಕ್ಕೆಜೋಳ ಇದ್ದವರಿಗೆ ಕಾಯುವುದು ಗಿಟ್ಟುತ್ತದೆ. ಬೇಸಿಗೆಯಲ್ಲಿ ಬರೀ ಬಯಲು ಮೇವಿಗೆ ಬಿಟ್ಟು ಕಾಯುವವರು ದಿನ ಕಳೆಯುತ್ತಾರೆ ಅಷ್ಟೇ, ತೂಕ ನಿಂತಲ್ಲೇ ನಿಂತಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬೀಜಕ್ಕೆ ಬಿಡದ ಟಗರನ್ನು ಎರಡು ಹಲ್ಲಿನಾಚೆಗೆ ಇಟ್ಟುಕೊಳ್ಳಬಾರದು. ಬೆಳವಣಿಗೆ ನಿಧಾನವಾಗುತ್ತದೆ, ಮಾಂಸಕ್ಕೆ ಟಗರಿನ ವಾಸನೆ ಏರುತ್ತದೆ.

ಕಾಯುವಾಗ ಕೆಡುವುದು ಎರಡು ಕಡೆ. ಐದಾರು ತಿಂಗಳಿಗೇ ಟಗರು ಮರಿ ತಂಗಿ, ತಾಯಿ ನೋಡದೆ ಹಾರುತ್ತದೆ. ಬೇರೆ ರೊಪ್ಪ ಇಲ್ಲದಿದ್ದರೆ ಹೊಟ್ಟೆಯಡಿಗೆ ಗೋಣಿತಾಟು ಕಟ್ಟಿ, ಒದ್ದೆಯಾದಾಗ ಬದಲಿಸಿ. ಇನ್ನೊಂದು, ಕಾಳು ಹಾಗೂ ಬೂಸಾ ಹೆಚ್ಚು ತಿಂದ ಟಗರಿಗೆ ಮೂತ್ರದಲ್ಲಿ ಕಲ್ಲು ಕಟ್ಟುವುದು. ಬೆನ್ನು ಬಾಗಿಸಿ ತಿಣುಕುತ್ತದೆ, ಹನಿ ಹನಿ ಬರುತ್ತದೆ ಅಥವಾ ಬರುವುದೇ ಇಲ್ಲ. ಹೊಟ್ಟೆನೋವು ಅಂತ ಎಣ್ಣೆ ಕುಡಿಸುತ್ತಾ ಕೂತರೆ ಮೂತ್ರಕೋಶ ಒಡೆದು ಪೂರ್ತಿ ಮಾಂಸ ಕೆಡುತ್ತದೆ; ಅವತ್ತೇ ವೈದ್ಯರಿಗೆ ತೋರಿಸಿ. ಆಗದಂತೆ ನೋಡಿಕೊಳ್ಳಲು ಕಾಳಿನ ತೂಕಕ್ಕೆ ನೂರಕ್ಕೆ ಒಂದು ಪಾಲು ಉಪ್ಪು ಬೆರೆಸಿ, ದಿನವಿಡೀ ನೀರಿರಲಿ, ಒಣ ಮೇವು ತಪ್ಪಿಸಬೇಡಿ.

ಬೀಜದ ಟಗರನ್ನೇ ತೆಗೆಯುವುದಾದರೆ ಬೆದೆ ಹಂಗಾಮಿಗೆ ಮುಂಚೆ ತೆಗೆಯಿರಿ. ಹಂಗಾಮು ಮುಗಿದಾಗ ಅದು ಎಲುಬಿನ ಗೂಡಾಗಿರುತ್ತದೆ, ತುಂಬಿಕೊಳ್ಳಲು ಎರಡು ತಿಂಗಳು ಬೇಕು. ಹೇಗೂ ಎರಡು ವರ್ಷಕ್ಕೊಮ್ಮೆ ಬೀಜ ಬದಲಿಸಬೇಕಲ್ಲ.

ಮಳೆ ಕೈಕೊಟ್ಟ ವರ್ಷ ಈ ಲೆಕ್ಕವೆಲ್ಲ ಬೇಗ ಮುಗಿಯುತ್ತದೆ. ಮೇವು ಮುಗಿಯುವ ಮುಂಚೆಯೇ ಹೆಚ್ಚುವರಿ ಟಗರು ಮೊದಲು ಹೋಗಲಿ, ಹಿಂದೆಯೇ ಹಲ್ಲು ಸವೆದ, ಕೆಚ್ಚಲು ಕೆಟ್ಟ ಹೆಣ್ಣು. ನಾಲ್ಕು, ಆರು ಹಲ್ಲಿನ ಈದ ಕುರಿ ಕೊನೆಯದು. ಎಲ್ಲರೂ ಸಂತೆಗೆ ಹೊಡೆದ ಮೇಲೆ ಹೊಡೆದರೆ ಬಡಕಲು ಕುರಿಗೆ ಬಡಕಲು ಬೆಲೆ.

ಯಾವುದೇ ತೆಗೆದರೂ ಜಂತುನಾಶಕ ಯಾವಾಗ ಕುಡಿಸಿದ್ದು ಅಂತ ನೋಡಿ. ಔಷಧಿಯ ಚೀಟಿಯಲ್ಲಿ ಎಷ್ಟು ದಿನ ಮಾಂಸಕ್ಕೆ ಬಳಸಬಾರದು ಎಂದು ಬರೆದಿರುತ್ತದೆ, ಅಷ್ಟು ದಿನ ಕಳೆದಿರಬೇಕು. ಹಿಂದಿನ ಸಂಜೆಯಿಂದ ಮೇವು ನಿಲ್ಲಿಸಿ, ನೀರು ಮಾತ್ರ ಇಡಿ. ಹೊಟ್ಟೆ ಖಾಲಿಯಿದ್ದರೆ ಕರುಳು ಹರಿದು ಮಾಂಸಕ್ಕೆ ಸಗಣಿ ತಾಗುವ ಭಯ ಕಡಿಮೆ. ಒಂಟಿಯಾಗಿ ಕಟ್ಟಿದರೆ ರಾತ್ರಿಯಿಡೀ ಅರಚಿ ಸೊರಗುತ್ತದೆ, ಪಕ್ಕಕ್ಕೆ ಇನ್ನೊಂದು ಕುರಿ ಕಟ್ಟಿ.