ಮನೆ ಮನೆಯ ಲಾರ್ವಾ ಸಮೀಕ್ಷೆ: ಊರಿನ ಯುವಕ ಯುವತಿಯರಿಗೊಂದು ಕೈಪಿಡಿ

ಡೆಂಗಿ ಜ್ವರದ ಲೆಕ್ಕ ಆರೋಗ್ಯ ಇಲಾಖೆಯ ಪುಸ್ತಕದಲ್ಲಿರುತ್ತದೆ. ಕಸ ಎತ್ತದ ಬೀದಿಯ ದೂರು ಪಂಚಾಯಿತಿ ಕಚೇರಿಯಲ್ಲಿರುತ್ತದೆ. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದು ನೀರುಗಂಟಿಗೆ ಮಾತ್ರ ಸರಿಯಾಗಿ ಗೊತ್ತಿರುತ್ತದೆ. ಈ ಮೂವರೂ ಒಂದೆಡೆ ಕುಳಿತು ತಮ್ಮ ಲೆಕ್ಕಗಳನ್ನು ತಾಳೆ ನೋಡುವುದು ಅಪರೂಪ. ಆದರೆ ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಬದುಕುವುದೇ ಈ ಮೂರು ಲೆಕ್ಕಗಳು ಸೇರುವ ಜಾಗದಲ್ಲಿ: ನೀರು ಸರಿಯಾಗಿ ಬಾರದ್ದರಿಂದ ತುಂಬಿಟ್ಟ ಡ್ರಮ್ಮಿನಲ್ಲಿ, ಯಾರೂ ಎತ್ತದೆ ಬಿಟ್ಟ ಲೋಟ, ಟೈರು, ಎಳನೀರು ಬುರುಡೆಗಳಲ್ಲಿ. ಊರಿನ ಹತ್ತು ಮಂದಿ ಹುಡುಗ ಹುಡುಗಿಯರು ವಾರಕ್ಕೆ ಎರಡು ಗಂಟೆ ಕೊಟ್ಟು, ಮನೆ ಮನೆಯ ನೀರಿನಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ಇದೆಯೇ ಎಂದು ನೋಡಿ ಬರೆದರೆ ಈ ಮೂರನ್ನೂ ಒಂದೇ ಪುಸ್ತಕಕ್ಕೆ ತರಬಹುದು. ಜಾಗೃತಿ ಜಾಥಾಕ್ಕಿಂತ ಈ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಸೊಳ್ಳೆಯನ್ನು ಅರಿಯಬೇಕು. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಬಹುಪಾಲು ಬೇರೆ ಜಾತಿಯ ಸೊಳ್ಳೆ. ಈಡಿಸ್‌ಗೆ ಬೇಕಾದದ್ದು ನಿಂತ, ಸ್ವಚ್ಛವಾದ ನೀರು. ಕಪ್ಪು ಮೈಮೇಲೆ ಬಿಳಿ ಪಟ್ಟೆಗಳಿರುವ ಇದು ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಮತ್ತು ಮುಸ್ಸಂಜೆಗೆ ಮುಂಚೆ ಕಚ್ಚುತ್ತದೆ. ಹುಟ್ಟಿದ ಜಾಗದಿಂದ ಇದು ಹೆಚ್ಚು ದೂರ ಹಾರುವುದಿಲ್ಲವಾದ್ದರಿಂದ, ಒಂದು ಬೀದಿಯಲ್ಲಿ ಜ್ವರ ಕಾಣಿಸಿಕೊಂಡರೆ ಅದರ ಮೂಲವೂ ಸಾಮಾನ್ಯವಾಗಿ ಆಸುಪಾಸಿನಲ್ಲೇ ಇರುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದಲೇ ಸಮೀಕ್ಷೆ ವಾರಕ್ಕೊಮ್ಮೆ ನಡೆಯಬೇಕು, ಹದಿನೈದು ದಿನಕ್ಕೊಮ್ಮೆ ನಡೆದರೆ ಒಂದು ಪೀಳಿಗೆಯೇ ತಪ್ಪಿಸಿಕೊಂಡಿರುತ್ತದೆ. ಹೆಣ್ಣು ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟುವಂತೆ. ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಗುಲಿದಾಗ ಒಡೆಯುತ್ತವೆ. ಬರೀ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು ಎನ್ನುವುದು ಈ ಕಾರಣಕ್ಕೆ.

ತಂಡ ಕಟ್ಟುವುದಕ್ಕೆ ಹೊಸ ಸಂಘವೇನೂ ಬೇಕಿಲ್ಲ. ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿದ್ದರೆ ಅದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕೆಂಬ ನಿಯಮವಿದೆ. ಆ ಗಂಟೆಗಳಿಗೆ ಇದಕ್ಕಿಂತ ಸಾರ್ಥಕವಾದ ಕೆಲಸ ನನಗೆ ತೋಚುವುದಿಲ್ಲ. ಊರಿನ ಯುವಕ ಸಂಘವೂ ಆಗಬಹುದು. ಶುರು ಮಾಡುವ ಮುನ್ನ ಆಶಾ ಕಾರ್ಯಕರ್ತೆಯನ್ನು ಕಂಡು, ಅವರೂ ಲಾರ್ವಾ ಸಮೀಕ್ಷೆ ಮಾಡುತ್ತಿದ್ದರೆ ಅವರ ಜೊತೆಗೇ ಹೊರಡಿ. ಮನೆಯವರು ಅವರನ್ನು ನಂಬುತ್ತಾರೆ, ಯಾರ ಮನೆಯಲ್ಲಿ ಬಾಣಂತಿಯಿದ್ದಾರೆ, ಯಾರ ಮನೆಯಲ್ಲಿ ಜ್ವರವಿದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ, ಸಾಧ್ಯವಾದರೆ ಪ್ರತಿ ಜೋಡಿಯಲ್ಲಿ ಒಬ್ಬಳಾದರೂ ಹುಡುಗಿಯಿರಲಿ. ಹಿತ್ತಲು, ಬಚ್ಚಲುಮನೆಗಳವರೆಗೆ ಹೋಗಬೇಕಾದ ಕೆಲಸವಿದು. ಒಂದು ಜೋಡಿಗೆ ಒಂದು ಬೆಳಿಗ್ಗೆ 20 ಮನೆ ಸಾಕು. ಕೈಯಲ್ಲಿ ಟಾರ್ಚು, ಬಿಳಿಯ ಬಟ್ಟಲು, ಹಳೆಯ ಹತ್ತಿ ಬಟ್ಟೆ, ಒಂದು ನೋಟ್‌ಬುಕ್ಕು ಇದ್ದರಾಯಿತು.

ನೋಡುವ ರೀತಿ ಹೀಗೆ. ಡ್ರಮ್ಮಿನ ಮುಚ್ಚಳವನ್ನು ಅಲುಗಾಡಿಸದೆ ಮೆಲ್ಲಗೆ ತೆಗೆಯಿರಿ, ಏಕೆಂದರೆ ನೀರು ಕದಲಿದರೆ ಅಥವಾ ನೆರಳು ಬಿದ್ದರೆ ಲಾರ್ವಾಗಳು ತಳಕ್ಕಿಳಿದುಬಿಡುತ್ತವೆ. ಹಾಗೆ ಇಳಿದರೂ ಒಂದೆರಡು ನಿಮಿಷ ಕಾದರೆ ಉಸಿರಿಗಾಗಿ ಮೇಲೆ ಬರಲೇಬೇಕು. ಟಾರ್ಚು ಬಿಟ್ಟು ನೋಡಿದರೆ, ನೀರಿನ ಮೇಲ್ಮೈಯಿಂದ ತಲೆ ಕೆಳಗಾಗಿ ತೂಗುವ, ಮೈ ಬಳುಕಿಸಿ ಈಜುವ ಸಣ್ಣ ಹುಳುಗಳು ಕಾಣುತ್ತವೆ. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ್ದರೆ ಅದು ಗೂಡುಹುಳು, ಒಂದೆರಡು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಡ್ರಮ್ಮು, ಸಂಪು, ಮೇಲಿನ ಟ್ಯಾಂಕುಗಳಷ್ಟನ್ನೇ ನೋಡಿ ಬರಬೇಡಿ. ಫ್ರಿಜ್ಜಿನ ಹಿಂಬದಿಯ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ, ಬಳಸದೆ ಬಿಟ್ಟ ಒರಳುಕಲ್ಲು, ದನಗಳ ಬಾನಿ, ತಾರಸಿಯ ಮೇಲಿನ ಹಳೆಯ ಬಕೆಟ್ಟು, ಕಟ್ಟಡ ಕೆಲಸದ ಜಾಗದ ನೀರಿನ ತೊಟ್ಟಿ, ಪಂಕ್ಚರ್ ಅಂಗಡಿಯ ಟೈರುಗಳು ಇವೆಲ್ಲ ಪಟ್ಟಿಯಲ್ಲಿರಲಿ.

ಒಂದು ಮನೆಯ ಸಂಗತಿ ಹೇಳಬೇಕು. ನಾವು ಮೊದಲ ಸಲ ಸುತ್ತುವಾಗ ಒಬ್ಬ ಅಜ್ಜಿಯ ಅಡುಗೆಮನೆಯ ಹರವಿಯಲ್ಲಿ ಲಾರ್ವಾ ಕಂಡವು. “ಅಜ್ಜೀ, ಈ ನೀರು ಚೆಲ್ಲಬೇಕಾಗುತ್ತೆ” ಎಂದೆ. “ಚೆಲ್ಲು ಅಂತೀಯಲ್ಲ ಮಗಾ, ನಲ್ಲಿ ಬರೋದು ಇನ್ನು ನಾಲ್ಕು ದಿನಕ್ಕೆ. ಅಲ್ಲೀವರೆಗೂ ನೀನು ಹೊತ್ತು ತರ್ತೀಯಾ?” ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನೀರಿಗೆ ಬರವಿರುವ ಮನೆಯಲ್ಲಿ ನಿಂತು ನೀರು ಚೆಲ್ಲಿ ಎನ್ನುವ ಆರೋಗ್ಯ ಪಾಠವನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅಂದಿನಿಂದ ನಾವು ಮಾಡುವುದು ಇಷ್ಟು: ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬೇರೊಂದು ಪಾತ್ರೆಯ ಬಾಯಿಗೆ ಕಟ್ಟಿ, ನೀರನ್ನೆಲ್ಲ ಸೋಸಿ, ಖಾಲಿಯಾದ ಹರವಿಯ ಒಳಗೋಡೆಯನ್ನು ತೆಂಗಿನ ನಾರಿನಿಂದ ಕಂಠದವರೆಗೂ ಉಜ್ಜಿ, ತೊಳೆದ ನೀರನ್ನು ಒಣನೆಲಕ್ಕೆ ಚೆಲ್ಲಿ, ಸೋಸಿದ ನೀರನ್ನು ಮರಳಿ ತುಂಬಿ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟುವುದು. ಸೋಸಿದ ಬಟ್ಟೆಯನ್ನು ಬಿಸಿಲು ನೆಲದ ಮೇಲೆ ಕೊಡವಿದರೆ ಹುಳುಗಳು ಅಲ್ಲೇ ಒಣಗುತ್ತವೆ. ಹೆಚ್ಚೆಂದರೆ ಅರ್ಧ ಕೊಡ ನೀರು ಖರ್ಚಾಗುತ್ತದೆ. ಕುಡಿಯಲು ಬಳಸುವುದಾದರೆ ಕುದಿಸಿ ಆರಿಸಲು ಹೇಳಿ.

ಒಂದು ಕೇಡನ್ನು ಕಳೆಯಲು ಹೋಗಿ ಇನ್ನೊಂದನ್ನು ತಂದಿಡಬಾರದು. ಯುವಕರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಗುಡ್ಡೆ ಹಾಕಿದ ಟೈರು ಮತ್ತು ಪ್ಲಾಸ್ಟಿಕ್ಕನ್ನು ಸುಟ್ಟರೆ ಸೊಳ್ಳೆಯ ಮನೆ ಹೋಗುತ್ತದೆ ನಿಜ, ಆದರೆ ಆ ಹೊಗೆ ಅದೇ ಬೀದಿಯ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ. ನಿಂತ ನೀರಿಗೆ ಸುಟ್ಟ ಎಂಜಿನ್ ಎಣ್ಣೆ ಸುರಿಯುವ ಅಭ್ಯಾಸ ಇನ್ನೂ ಇದೆ, ಅದು ಮಳೆಗೆ ಕೊಚ್ಚಿಕೊಂಡು ಕೆರೆಗೋ ಬಾವಿಗೋ ಸೇರುತ್ತದೆ. ಹೊಗೆ ಯಂತ್ರದ ಫಾಗಿಂಗ್ ಆ ಹೊತ್ತಿಗೆ ಹಾರಾಡುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ, ಡ್ರಮ್ಮಿನೊಳಗಿನ ಲಾರ್ವಾಕ್ಕೆ ಏನೂ ಆಗುವುದಿಲ್ಲ. ಜ್ವರ ಹರಡಿದಾಗ ಅದು ಬೇಕಾಗಬಹುದು. ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಲಾರ್ವಾ ಕೊಲ್ಲುವ ಟೆಮಿಫಾಸ್ ದ್ರಾವಣವನ್ನು ಆರೋಗ್ಯ ಸಿಬ್ಬಂದಿಯೇ ಅಳತೆ ಮಾಡಿ ಹಾಕಲಿ. ಲಾರ್ವಾ ತಿನ್ನುವ ಗ್ಯಾಂಬೂಸಿಯಾ, ಗಪ್ಪಿ ಮೀನುಗಳನ್ನು ಸಿಮೆಂಟು ತೊಟ್ಟಿಯಂಥ, ಹೊರಗಿನ ನೀರಿಗೆ ಸೇರದ ನೆಲೆಗಳಲ್ಲಿ ಬಿಡಬಹುದು, ಕೆರೆ ಹಳ್ಳಗಳಲ್ಲಿ ಬೇಡವೇ ಬೇಡ. ಅವು ನಮ್ಮ ನೀರಿನ ಮೀನುಗಳಲ್ಲ. ಗ್ಯಾಂಬೂಸಿಯಾ ಅಂತೂ ಸ್ಥಳೀಯ ಮೀನುಗಳ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿಂದುಹಾಕುತ್ತದೆ. ಹಾಗೆಯೇ, ಸೊಳ್ಳೆಗೆ ಹೆದರಿ ಮಳೆನೀರು ಸಂಗ್ರಹವನ್ನು ಕೈಬಿಡುವ ಮನೆಗಳಿಗೆ, ಟ್ಯಾಂಕಿನ ಗಾಳಿಕೊಳವೆ ಮತ್ತು ಉಕ್ಕಿ ಹರಿಯುವ ಕೊಳವೆಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ಸಾಕೆಂದು ನೀವೇ ಕಟ್ಟಿ ತೋರಿಸಿ.

ಮಲೆನಾಡು, ಕರಾವಳಿಯವರಿಗೆ ಬೇರೆ ಪಟ್ಟಿಯೇ ಬೇಕು. ಮಳೆಗಾಲದಲ್ಲಿ ರಬ್ಬರ್ ಟ್ಯಾಪಿಂಗ್ ನಿಂತಾಗ ಮರಕ್ಕೆ ಕಟ್ಟಿದ ಗೆರಟೆಗಳನ್ನು ಬೋರಲು ಹಾಕಬೇಕು. ಒಂದು ತೋಟದಲ್ಲಿ ಸಾವಿರ ಗೆರಟೆಯಿದ್ದರೆ ಸಾವಿರ ತೊಟ್ಟಿ ಇದ್ದಂತೆ. ಬಿದ್ದ ಅಡಿಕೆ ಹಾಳೆಯಲ್ಲೂ ನೀರು ನಿಲ್ಲುತ್ತದೆ. ವಾರಕ್ಕೊಮ್ಮೆ ಹಾಳೆ ಆಯ್ದು ತಟ್ಟೆ ಮಾಡುವವರಿಗೆ ಕೊಟ್ಟರೆ, ಊರಿನ ಮದುವೆಗೆ ಪ್ಲಾಸ್ಟಿಕ್ ತಟ್ಟೆ ತರುವುದೂ ತಪ್ಪುತ್ತದೆ.

ಇನ್ನು ಪುಸ್ತಕ. ಪ್ರತಿ ಮನೆಗೆ ಒಂದು ಸಾಲು: ನೀರಿದ್ದ ಪಾತ್ರೆಗಳೆಷ್ಟು, ಲಾರ್ವಾ ಕಂಡವೆಷ್ಟು, ಅವು ಎಂಥವು, ಮತ್ತು ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತು. ಈ ಕೊನೆಯ ಕಲಂ ನಮ್ಮದೇ ಸೇರ್ಪಡೆ, ಅದನ್ನು ಬಿಡಬೇಡಿ. ಉದಾಹರಣೆಗೆ 80 ಮನೆ ನೋಡಿ 12ರಲ್ಲಿ ಲಾರ್ವಾ ಸಿಕ್ಕರೆ ಮನೆ ಸೂಚ್ಯಂಕ, ಅಂದರೆ ನೂರು ಮನೆಗೆ ಲಾರ್ವಾ ಇರುವ ಮನೆಗಳೆಷ್ಟು ಎಂಬ ಲೆಕ್ಕ, 15. ಆ ಮನೆಗಳಲ್ಲಿ ಒಟ್ಟು 18 ಪಾತ್ರೆಗಳಲ್ಲಿ ಲಾರ್ವಾ ಇದ್ದರೆ, 100 ಮನೆಗಳ ಲೆಕ್ಕಕ್ಕೆ ಬ್ರೆಟೋ ಸೂಚ್ಯಂಕ 22.5. ಆರೋಗ್ಯ ಇಲಾಖೆಯೂ ಇವೇ ಸೂಚ್ಯಂಕಗಳನ್ನು ಬಳಸುವುದರಿಂದ ನಿಮ್ಮ ಲೆಕ್ಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರು ನೇರವಾಗಿ ತೆಗೆದುಕೊಳ್ಳಬಹುದು. ನಾಲ್ಕು ವಾರ ಕಳೆದ ಮೇಲೆ ಪುಟ ತಿರುವಿದರೆ ಬೀದಿಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ: ಒಂದೆಡೆ ಲಾರ್ವಾ ಇರುವುದೆಲ್ಲ ಡ್ರಮ್ಮು ಹರವಿಗಳಲ್ಲಿ, ಅಲ್ಲಿನ ರೋಗದ ಮದ್ದು ನೀರು ಸರಬರಾಜು, ಇನ್ನೊಂದೆಡೆ ಬಿಸಾಡಿದ ಲೋಟ ಟೈರುಗಳಲ್ಲಿ, ಅಲ್ಲಿಗೆ ಬೇಕಾದದ್ದು ಕಸದ ಗಾಡಿ.

ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ವಾರ್ಡ್ ಸಭೆಗೂ ಗ್ರಾಮಸಭೆಗೂ ಒಯ್ಯಿರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಂದೆಯೂ ಇಡಿ. ಆರೋಗ್ಯ ಮತ್ತು ನೈರ್ಮಲ್ಯ ಎರಡನ್ನೂ ಒಟ್ಟಿಗೆ ಮಾತಾಡಲೆಂದೇ ಇರುವ ಸಮಿತಿಯದು. ಕೇಳುವುದು ಸ್ಪಷ್ಟವಾಗಿರಲಿ: ಇಂಥ ಬೀದಿಗೆ ಮೂರು ದಿನಕ್ಕೊಮ್ಮೆ ನೀರು, ಇಂಥ ತಿರುವಿನ ಟೈರುಗಳ ವಿಲೇವಾರಿ, ರಾಜ್ಯದಲ್ಲಿ 2016ರಿಂದಲೇ ನಿಷೇಧವಿರುವ ಪ್ಲಾಸ್ಟಿಕ್ ಲೋಟ ಮಾರುವ ಅಂಗಡಿಗೆ ತಿಳಿವಳಿಕೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಆ ದಂಡದ ಮಾತನ್ನು ನೀವು ಬಾಗಿಲಲ್ಲಿ ನಿಂತು ಎತ್ತಬೇಡಿ. ಒಮ್ಮೆ ಹೆದರಿದ ಮನೆ ಮುಂದಿನ ವಾರ ಬಾಗಿಲು ತೆರೆಯುವುದಿಲ್ಲ.

ಸುತ್ತುವಾಗ ಜ್ವರದವರು ಕಂಡರೆ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ. ವೈದ್ಯರನ್ನು ಕಾಣುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ನುಂಗದಂತೆ ಹೇಳಿ, ಡೆಂಗಿಯಿದ್ದರೆ ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ರೋಗಿಯನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಲಿ. ಸೊಳ್ಳೆ ಅವರನ್ನು ಕಚ್ಚಿದರಷ್ಟೇ ಪಕ್ಕದ ಮನೆಗೆ ವೈರಾಣು ಒಯ್ಯಲು ಸಾಧ್ಯ.

ಹೆಚ್ಚಿನ ಊರುಗಳಲ್ಲಿ ಈ ಕೆಲಸಕ್ಕೆ ಕೈಹಾಕುವುದು ಮೇ 16ರ ರಾಷ್ಟ್ರೀಯ ಡೆಂಗಿ ದಿನಕ್ಕೆ ಅಥವಾ ಮೊದಲ ಜ್ವರ ಕಾಣಿಸಿದ ಮೇಲೆ. ನೀವು ಮಾರ್ಚಿನಲ್ಲೇ ಹೊರಡಿ. ಆಗ ಬಹಳಷ್ಟು ಡ್ರಮ್ಮು, ತೊಟ್ಟಿಗಳು ಒಣಗಿ ಬರಿದಾಗಿರುತ್ತವೆ, ಗೋಡೆಗೆ ಅಂಟಿದ ಮೊಟ್ಟೆಗಳು ಮಳೆಗಾಗಿ ಕಾದಿರುತ್ತವೆ, ನಾರು ಹಿಡಿದು ಉಜ್ಜುವುದಕ್ಕೆ ಒಂದು ತಂಬಿಗೆ ನೀರು ಸಾಕಾಗುತ್ತದೆ.